ಕ್ಯೋಟೊದಲ್ಲಿ ವಿದ್ಯಾರ್ಥಿ ವಸತಿ: ಬಾಡಿಗೆ, ಜಾಮೀನು ಮತ್ತು ಕರಾರು

ಜಪಾನಿಗೆ ಉನ್ನತ ವ್ಯಾಸಂಗಕ್ಕೆಂದು ಹೊರಡುವ ವಿದ್ಯಾರ್ಥಿಗಳ ಸಿದ್ಧತೆಯಲ್ಲಿ ಪ್ರವೇಶಪತ್ರ, ವೀಸಾ, ವಿದ್ಯಾರ್ಥಿವೇತನಗಳಿಗೆ ಸಿಗುವ ಗಮನ ವಾಸದ ಮನೆಗೆ ಸಿಗುವುದು ವಿರಳ. ಆದರೆ ಪಾಠಗಳು ಆರಂಭವಾಗುವ ಮುನ್ನವೇ ಎದುರಾಗುವ ದೊಡ್ಡ ವೆಚ್ಚ ಮನೆಯದೇ ಆಗಿರುತ್ತದೆ. ಹಳೆಯ ರಾಜಧಾನಿ ಕ್ಯೋಟೊದಲ್ಲಂತೂ ಈ ಮಾತು ಇನ್ನಷ್ಟು ನಿಜ. ಅಲ್ಲಿ ಜಾಹೀರಾತಿನಲ್ಲಿ ಕಾಣುವ ಬಾಡಿಗೆ ಒಂದು, ವಿದ್ಯಾರ್ಥಿಯ ಕೈಯಿಂದ ಹೋಗುವ ಹಣ ಇನ್ನೊಂದು. ಕೈಯಲ್ಲಿ ಹಣವಿದ್ದರೂ ಜಾಮೀನು ಇಲ್ಲದೆ ಮನೆಯ ಕೀಲಿಕೈ ಸಿಗದ ಸಂದರ್ಭಗಳೂ ಉಂಟು. ಸಾಲ ಮಾಡಿ ವಿದೇಶಕ್ಕೆ ಹೋದ ವಿದ್ಯಾರ್ಥಿಗೆ ಮೊದಲ ತಿಂಗಳಲ್ಲಿ ಆಗುವ ತಪ್ಪು ಲೆಕ್ಕ ಇಡೀ ವರ್ಷದ ವ್ಯಾಸಂಗವನ್ನು ಕಾಡಬಲ್ಲದು. ಆದ್ದರಿಂದ ಅಲ್ಲಿನ ಬಾಡಿಗೆ ಪದ್ಧತಿಯನ್ನು ಊರು ಬಿಡುವ ಮೊದಲೇ ತಿಳಿದುಕೊಳ್ಳುವುದು ಅತ್ಯಗತ್ಯ.

ವಿದ್ಯಾನಗರಿಯ ಸ್ವರೂಪ

ಕ್ಯೋಟೊ ನಗರದ ಜನಸಂಖ್ಯೆ ಸುಮಾರು 14 ಲಕ್ಷ. ಅದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ವಿದ್ಯಾರ್ಥಿಗಳದೇ ಆಗಿದೆ. 1897ರಲ್ಲಿ ಸ್ಥಾಪನೆಯಾದ ಕ್ಯೋಟೊ ವಿಶ್ವವಿದ್ಯಾಲಯ, 1875ರಲ್ಲಿ ಆರಂಭವಾದ ದೊಶಿಶಾ, 1900ರಲ್ಲಿ ಮೂಡಿದ ರಿತ್ಸುಮೈಕಾನ್ ಇವುಗಳಲ್ಲದೆ ಹಲವಾರು ಕಾಲೇಜುಗಳು ನಗರದ ಉದ್ದಗಲಕ್ಕೆ ಹರಡಿಕೊಂಡಿವೆ. ಹೀಗಾಗಿ ಒಬ್ಬರೇ ವಾಸಿಸುವ ಸಣ್ಣ ಕೋಣೆಗಳಿಗೆ ಇಲ್ಲಿ ಕೊರತೆಯಿಲ್ಲ. ಟೋಕಿಯೊಗೆ ಹೋಲಿಸಿದರೆ ಬಾಡಿಗೆಯೂ ಕಡಿಮೆ. ಸ್ವಂತ ಅಡುಗೆಮೂಲೆ ಹಾಗೂ ಸ್ನಾನಗೃಹವಿರುವ ಒಂದು ಕೋಣೆಗೆ ತಿಂಗಳಿಗೆ ಸಾಮಾನ್ಯವಾಗಿ 40,000ದಿಂದ 60,000 ಯೆನ್ ಬಾಡಿಗೆಯಿರುತ್ತದೆ. ಹಳೆಯ ಮರದ ಕಟ್ಟಡಗಳಲ್ಲಿ, ಶೌಚಾಲಯವನ್ನು ಇತರರೊಡನೆ ಹಂಚಿಕೊಳ್ಳುವ ಕೋಣೆಗಳು ಇದಕ್ಕೂ ಅಗ್ಗವಾಗಿ ದೊರೆಯುತ್ತವೆ. ಅಂತಹ ಮನೆಗಳಲ್ಲಿ ಸ್ನಾನಗೃಹವೇ ಇರದಿದ್ದರೆ ಬೀದಿಯ ಸಾರ್ವಜನಿಕ ಸ್ನಾನಗೃಹವಾದ ‘ಸೆಂತೊ’ವನ್ನು ಆಶ್ರಯಿಸಬೇಕಾಗುತ್ತದೆ.

ಬಡಾವಣೆಯ ಆಯ್ಕೆಗೆ ಮುನ್ನ ಪಾಠ ನಡೆಯುವ ಆವರಣ ಯಾವುದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕ್ಯೋಟೊ ವಿಶ್ವವಿದ್ಯಾಲಯದ ಮುಖ್ಯ ಆವರಣ ಕಾಮೊ ನದಿಯ ಪೂರ್ವಕ್ಕೆ, ಸಾಕ್ಯೊ ವಾರ್ಡಿನ ಯೋಶಿದಾದಲ್ಲಿದೆ. ಆದರೆ ಎಂಜಿನಿಯರಿಂಗ್ ಸ್ನಾತಕೋತ್ತರ ವಿಭಾಗಗಳಲ್ಲಿ ಹೆಚ್ಚಿನವು ನಗರದ ಪಶ್ಚಿಮದಂಚಿನ ಕಾತ್ಸುರಾದಲ್ಲಿವೆ. ಕೆಲವು ಸಂಶೋಧನಾ ಸಂಸ್ಥೆಗಳು ನೆರೆಯ ಉಜಿ ಪಟ್ಟಣದಲ್ಲಿವೆ. ದೊಶಿಶಾದ ಒಂದು ಆವರಣ ನಗರದ ನಡುವೆ ಇಮಾದೆಗಾವಾದಲ್ಲಿದ್ದರೆ ಇನ್ನೊಂದು ನಗರದ ಹೊರಗೆ ಕ್ಯೋತಾನಾಬೆಯಲ್ಲಿದೆ. ರಿತ್ಸುಮೈಕಾನ್‌ನ ಕಿನುಗಾಸಾ ಆವರಣ ಕ್ಯೋಟೊದಲ್ಲಿದೆಯಾದರೂ ಅದರ ಮತ್ತೆರಡು ಆವರಣಗಳಿರುವುದು ಶಿಗಾ ಪ್ರಾಂತ್ಯದ ಕುಸಾತ್ಸು ಹಾಗೂ ಒಸಾಕಾ ಪ್ರಾಂತ್ಯದ ಇಬಾರಾಕಿಯಲ್ಲಿ. ವಿಶ್ವವಿದ್ಯಾಲಯದ ಹೆಸರನ್ನಷ್ಟೇ ನೋಡಿ ಮನೆ ಹಿಡಿದವರು ದಿನವೂ ಗಂಟೆಗಟ್ಟಲೆ ಪ್ರಯಾಣಿಸಬೇಕಾದೀತು.

ಯೋಶಿದಾ ಆವರಣದವರಿಗೆ ಹ್ಯಾಕುಮಾನ್‌ಬೆನ್, ದೆಮಾಚಿಯಾನಗಿ, ಇಚಿಜೋಜಿ, ಶುಗಾಕುಯಿನ್ ಬಡಾವಣೆಗಳು ಅನುಕೂಲಕರ. ನಗರದ ಮಧ್ಯಭಾಗ ಬಹುತೇಕ ಸಮತಟ್ಟಾಗಿರುವುದರಿಂದ ವಿದ್ಯಾರ್ಥಿಗಳ ಮುಖ್ಯ ವಾಹನ ಸೈಕಲ್. ಕ್ಯೋಟೊ ಪ್ರಾಂತ್ಯದಲ್ಲಿ ಸೈಕಲ್ ಸವಾರರಿಗೆ ಅಪಘಾತ ವಿಮೆ 2018ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ ಎಂಬುದನ್ನು ಹೊಸಬರು ಮರೆಯಬಾರದು.

ಮೊದಲ ಮೆಟ್ಟಿಲು ವಿದ್ಯಾರ್ಥಿನಿಲಯ

ಮೊದಲ ಆರು ತಿಂಗಳು ಅಥವಾ ಒಂದು ವರ್ಷಕ್ಕೆ ವಿಶ್ವವಿದ್ಯಾಲಯದ ವಸತಿಯೇ ಅತ್ಯುತ್ತಮ. ಅಲ್ಲಿ ದಲ್ಲಾಳಿಯ ಶುಲ್ಕವಿರುವುದಿಲ್ಲ, ಹಾಸಿಗೆ ಮೇಜುಗಳು ಬಹುಮಟ್ಟಿಗೆ ಮೊದಲೇ ಇರುತ್ತವೆ. ಕ್ಯೋಟೊ ವಿಶ್ವವಿದ್ಯಾಲಯಕ್ಕೆ ಶುಗಾಕುಯಿನ್, ಯೋಶಿದಾ ಹಾಗೂ ಉಜಿಯ ಓಬಾಕು ಮುಂತಾದೆಡೆ ವಿದೇಶಿ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಮೀಸಲಾದ ಇಂಟರ್‌ನ್ಯಾಷನಲ್ ಹೌಸ್‌ಗಳಿವೆ. ಆದರೆ ಕೋಣೆಗಳಿಗಿಂತ ಅರ್ಜಿಗಳೇ ಹೆಚ್ಚು. ವಾಸದ ಅವಧಿಗೂ ಮಿತಿಯುಂಟು. ಪ್ರವೇಶ ದೊರೆತ ಸುದ್ದಿಯೊಡನೆ ಬರುವ ವಸತಿ ಅರ್ಜಿಯ ಕೊನೆಯ ದಿನಾಂಕ ತಪ್ಪಿಹೋದರೆ ಮುಂದಿನ ಅವಕಾಶ ಮುಂದಿನ ಅರ್ಧವರ್ಷಕ್ಕೇ.

ವಿದ್ಯಾರ್ಥಿನಿಲಯದ ಮಾತು ಬಂದಾಗ ಯೋಶಿದಾ ನಿಲಯವನ್ನು ಉಲ್ಲೇಖಿಸದಿರಲು ಸಾಧ್ಯವಿಲ್ಲ. 1913ರಲ್ಲಿ ಕಟ್ಟಲಾದ ಈ ಮರದ ಕಟ್ಟಡವು ಜಪಾನಿನಲ್ಲಿ ಉಳಿದಿರುವ ಅತ್ಯಂತ ಹಳೆಯ ವಿದ್ಯಾರ್ಥಿನಿಲಯವೆಂದು ಹೆಸರಾಗಿದೆ. ವಿದ್ಯಾರ್ಥಿಗಳೇ ಆಡಳಿತ ನಡೆಸುತ್ತಿದ್ದ ಇಲ್ಲಿ ತಿಂಗಳ ವೆಚ್ಚ ಸುಮಾರು 2,500 ಯೆನ್ ಮಾತ್ರವಿತ್ತು. ಭೂಕಂಪದ ಅಪಾಯವನ್ನು ಮುಂದಿಟ್ಟು ವಿಶ್ವವಿದ್ಯಾಲಯವು 2017ರಲ್ಲಿ ನಿವಾಸಿಗಳಿಗೆ ತೆರವಿನ ಸೂಚನೆ ನೀಡಿತು. 2019ರಲ್ಲಿ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಫೆಬ್ರವರಿಯಲ್ಲಿ ಕ್ಯೋಟೊ ಜಿಲ್ಲಾ ನ್ಯಾಯಾಲಯವು ಬಹುಪಾಲು ವಿದ್ಯಾರ್ಥಿಗಳ ಪರವಾಗಿ ತೀರ್ಪಿತ್ತಿತು. ಮೇಲ್ಮನವಿಯ ಹಂತದಲ್ಲಿ, 2025ರಲ್ಲಿ, ಉಭಯ ಪಕ್ಷಗಳೂ ರಾಜಿಗೆ ಬಂದು ಭೂಕಂಪ ನಿರೋಧಕ ಕಾಮಗಾರಿಗಾಗಿ ಹಳೆಯ ಕಟ್ಟಡವನ್ನು ತೆರವುಗೊಳಿಸಲು ಒಪ್ಪಿಕೊಂಡವು. ಅಗ್ಗದ ವಸತಿಯೆಂಬುದು ಬಡ ವಿದ್ಯಾರ್ಥಿಗೆ ಎಷ್ಟು ಮುಖ್ಯವೆಂಬುದಕ್ಕೆ ಈ ದೀರ್ಘ ಹೋರಾಟವೇ ಸಾಕ್ಷಿ.

ಇವಲ್ಲದೆ ಖಾಸಗಿ ಸಂಸ್ಥೆಗಳು ನಡೆಸುವ, ಊಟದ ವ್ಯವಸ್ಥೆಯೂ ಇರುವ ‘ಗಾಕುಸೇಯ್ ಕಾಯ್ಕಾನ್’ಗಳಿವೆ. ಅಡುಗೆಮನೆ, ಬಚ್ಚಲುಗಳನ್ನು ಹಂಚಿಕೊಳ್ಳುವ ಷೇರ್ ಹೌಸ್‌ಗಳಿವೆ. ಕ್ಯೋಟೊದ ಸಾಂಪ್ರದಾಯಿಕ ಮರದ ಮನೆಗಳಾದ ‘ಮಾಚಿಯಾ’ಗಳಲ್ಲಿ ಕೆಲವನ್ನು ಹೀಗೆ ಹಂಚಿಕೆಯ ವಸತಿಯಾಗಿ ಮಾರ್ಪಡಿಸಲಾಗಿದೆ. ಸಸ್ಯಾಹಾರಿಗಳು ಊಟ ಸಹಿತವಾದ ನಿಲಯವನ್ನು ಆಯ್ದುಕೊಳ್ಳುವ ಮುನ್ನ ಯೋಚಿಸಬೇಕು. ತರಕಾರಿಯ ಸಾರಿಗೂ ಮೀನಿನ ರಸ ಬೆರೆಸುವುದು ಜಪಾನಿ ಅಡುಗೆಯಲ್ಲಿ ಸಾಮಾನ್ಯ. ಉಣ್ಣದ ಊಟಕ್ಕೂ ಹಣ ತೆರಬೇಕಾದ ಸ್ಥಿತಿ ಬಂದೀತು.

ಜಾಹೀರಾತಿನ ಭಾಷೆ

ಖಾಸಗಿ ಕೋಣೆಯನ್ನು ಹುಡುಕುವವರು ‘ಫುದೋಸಾನ್‌ಯಾ’ ಎಂಬ ಮನೆ ದಲ್ಲಾಳಿಗಳ ಅಂಗಡಿಗೆ ಹೋಗುವುದು ರೂಢಿ. ಅನೇಕ ವಿಶ್ವವಿದ್ಯಾಲಯಗಳ ಸಹಕಾರ ಸಂಘಗಳೂ ಕೋಣೆ ತೋರಿಸುವ ಕೆಲಸ ಮಾಡುತ್ತವೆ. ನಾನ್‌ಜೆನ್‌ಜಿ ದೇಗುಲದ ಸಮೀಪವಿರುವ, 1989ರಲ್ಲಿ ಆರಂಭವಾದ ಕ್ಯೋಟೊ ಅಂತರರಾಷ್ಟ್ರೀಯ ಸಮುದಾಯ ಭವನವು ವಿದೇಶಿಯರಿಗೆ ವಸತಿಯ ಮಾಹಿತಿ ಹಾಗೂ ಸಲಹೆ ನೀಡುತ್ತದೆ. ಬಾಡಿಗೆ ಕರಾರಿನ ಪದ್ಧತಿಯನ್ನು ವಿವರಿಸುವ ಬಹುಭಾಷಾ ಕೈಪಿಡಿಯನ್ನು ಜಪಾನ್ ಸರಕಾರದ ಭೂಮಿ, ಮೂಲಸೌಕರ್ಯ ಮತ್ತು ಸಾರಿಗೆ ಸಚಿವಾಲಯವೂ ಪ್ರಕಟಿಸಿದೆ.

ಜಾಹೀರಾತಿನ ಸಂಕೇತಗಳನ್ನು ಓದಲು ಕಲಿಯುವುದು ಕಷ್ಟವೇನಲ್ಲ. ‘1ಆರ್’ ಎಂದರೆ ಅಡುಗೆಮೂಲೆಯೂ ಒಳಗೊಂಡ ಒಂದೇ ಕೋಣೆ. ‘1ಕೆ’ ಎಂದರೆ ಒಂದು ಕೋಣೆ ಮತ್ತು ಬಾಗಿಲಿನಿಂದ ಬೇರ್ಪಟ್ಟ ಸಣ್ಣ ಅಡುಗೆಜಾಗ. ‘1ಡಿಕೆ’ ಎಂದರೆ ಕೋಣೆಯ ಜೊತೆಗೆ ಊಟದ ಮೇಜು ಹಿಡಿಸುವಷ್ಟು ದೊಡ್ಡ ಅಡುಗೆಮನೆ. ಒಗ್ಗರಣೆಯ ಅಡುಗೆ ಮಾಡುವವರಿಗೆ ‘1ಆರ್’ಗಿಂತ ‘1ಕೆ’ ಲೇಸು. ಇಲ್ಲವಾದರೆ ಸಾಸಿವೆ ಮೆಣಸಿನಕಾಯಿಯ ಘಾಟು ಹಾಸಿಗೆ ಬಟ್ಟೆಗಳಿಗೂ ಹತ್ತುತ್ತದೆ. ಕೋಣೆಯ ಅಳತೆಯನ್ನು ‘ಜೋ’ ಎಂಬ ಚಾಪೆಯ ಲೆಕ್ಕದಲ್ಲಿ ಹೇಳುತ್ತಾರೆ. ಜಾಹೀರಾತಿನ ನಿಯಮದಂತೆ ಒಂದು ಜೋ ಎಂದರೆ ಕನಿಷ್ಠ 1.62 ಚದರ ಮೀಟರ್. ಹಾಗಾಗಿ ಆರು ಜೋ ಕೋಣೆ ಸುಮಾರು 10 ಚದರ ಮೀಟರ್ ಆಗುತ್ತದೆ.

‘ಅಪಾತೊ’ ಎಂದರೆ ಸಾಮಾನ್ಯವಾಗಿ ಮರ ಅಥವಾ ಹಗುರ ಉಕ್ಕಿನ ಎರಡಂತಸ್ತಿನ ಕಟ್ಟಡ. ‘ಮಾನ್ಷೊನ್’ ಎಂದರೆ ಕಾಂಕ್ರೀಟಿನ ಬಹುಮಹಡಿ. ಹೆಸರು ಕೇಳಿ ಅರಮನೆಯೆಂದು ಭಾವಿಸಬೇಕಾಗಿಲ್ಲ, ಅಲ್ಲಿಯೂ ಕೋಣೆ ಚಿಕ್ಕದೇ. ಕಟ್ಟಡದ ವಯಸ್ಸನ್ನು ಕೇಳುವುದು ಮಾತ್ರ ಕಡ್ಡಾಯ. ಜಪಾನಿನ ಭೂಕಂಪ ನಿರೋಧಕ ಕಟ್ಟಡ ನಿಯಮ ಬಿಗಿಯಾದದ್ದು 1981ರ ಜೂನ್‌ನಲ್ಲಿ. ಅದಕ್ಕೂ ಹಿಂದಿನ ಕಟ್ಟಡಗಳ ಬಾಡಿಗೆ ಅಗ್ಗವಾಗಿದ್ದರೂ, ಹಾನಾಓರೆ ಎಂಬ ಭೂಸ್ತರ ಭಂಗವು ನಗರದ ಪೂರ್ವಭಾಗದಲ್ಲೇ ಹಾದುಹೋಗಿರುವುದನ್ನು ನೆನಪಿಡುವುದು ಒಳಿತು. ನೆರೆಹಾವಳಿಯ ನಕ್ಷೆಯಲ್ಲಿ ಮನೆ ಎಲ್ಲಿದೆಯೆಂಬುದನ್ನು ಕರಾರಿಗೆ ಮುನ್ನ ದಲ್ಲಾಳಿ ತೋರಿಸಬೇಕೆಂಬ ನಿಯಮ 2020ರ ಆಗಸ್ಟ್‌ನಿಂದ ಜಾರಿಯಲ್ಲಿದೆ.

ಠೇವಣಿ, ಕಾಣಿಕೆ, ನವೀಕರಣ

ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಮುಂಗಡ ಹಣ ಹೊಸದಲ್ಲ. ಹಲವು ತಿಂಗಳ ಬಾಡಿಗೆಯಷ್ಟು ಹಣವನ್ನು ಮೊದಲೇ ಕೊಟ್ಟರೂ ಮನೆ ಬಿಡುವಾಗ ಸುಣ್ಣಬಣ್ಣದ ಖರ್ಚು ಕಳೆದು ಉಳಿದದ್ದು ಹಿಂದಿರುಗುತ್ತದೆ. ಜಪಾನಿನ ಪದ್ಧತಿ ಬೇರೆ. ಮೊದಲ ಮೊತ್ತ ಚಿಕ್ಕದಾಗಿ ಕಂಡರೂ ಅದರಲ್ಲಿ ಹೆಚ್ಚಿನ ಭಾಗ ಮರಳಿ ಬಾರದು. ಆದುದರಿಂದ ಮೂರು ಪದಗಳನ್ನು ಪ್ರತ್ಯೇಕವಾಗಿ ಅರಿಯಬೇಕು.

‘ಶಿಕಿಕಿನ್’ ಎಂಬುದು ಠೇವಣಿ. ಬಾಕಿ ಬಾಡಿಗೆ, ಬಾಡಿಗೆದಾರನಿಂದಾದ ಹಾನಿಗಳ ಖರ್ಚು ಕಳೆದು ಉಳಿದ ಹಣ ಹಿಂದಕ್ಕೆ ಬರುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಾದ ನಾಗರಿಕ ಸಂಹಿತೆಯು ಇದನ್ನು ಸ್ಪಷ್ಟ ಶಬ್ದಗಳಲ್ಲಿ ದಾಖಲಿಸಿದೆ. ಪಶ್ಚಿಮ ಜಪಾನಿನ ಕೆಲವು ಕರಾರುಗಳಲ್ಲಿ ‘ಶಿಕಿಬಿಕಿ’ ಎಂಬ ಷರತ್ತಿರುತ್ತದೆ. ಮನೆ ಹೇಗೇ ಇರಲಿ, ಠೇವಣಿಯ ಒಂದು ನಿಗದಿತ ಭಾಗವನ್ನು ಮಾಲೀಕ ಹಿಡಿದುಕೊಳ್ಳುತ್ತಾನೆ ಎಂದು ಇದರ ಅರ್ಥ. ಈ ಮೊತ್ತ ಅತಿಯಾಗಿರದಿದ್ದರೆ ಷರತ್ತು ಊರ್ಜಿತವೆಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್‌ನಲ್ಲಿ ಹೇಳಿದೆ.

‘ರೇಕಿನ್’ ಎಂಬುದು ಮಾಲೀಕನಿಗೆ ಸಲ್ಲಿಸುವ ಕಾಣಿಕೆ. ಇದು ಹಿಂದಿರುಗುವ ಪ್ರಶ್ನೆಯೇ ಇಲ್ಲ.

‘ಕೋಶಿನ್‌ರ್ಯೊ’ ಎಂಬುದು ಕರಾರಿನ ಅವಧಿ ಮುಗಿದು ಮುಂದುವರಿಸುವಾಗ ಕೊಡುವ ನವೀಕರಣ ಶುಲ್ಕ. ಕ್ಯೋಟೊದಲ್ಲಿ ಈ ಪದ್ಧತಿ ಬಲವಾಗಿ ಬೇರೂರಿದೆ. ದೇಶದ ಗಮನ ಸೆಳೆದ ಒಂದು ಪ್ರಕರಣದಲ್ಲಿ ಕೋಣೆಯ ತಿಂಗಳ ಬಾಡಿಗೆ 38,000 ಯೆನ್ ಇದ್ದು, ಪ್ರತಿ ವರ್ಷವೂ ಎರಡು ತಿಂಗಳ ಬಾಡಿಗೆಯನ್ನು, ಅಂದರೆ 76,000 ಯೆನ್‌ಗಳನ್ನು, ನವೀಕರಣ ಶುಲ್ಕವಾಗಿ ಕೊಡಬೇಕಿತ್ತು. ಈ ಬಗೆಯ ಷರತ್ತುಗಳ ಬಗ್ಗೆ ಕೆಳಗಿನ ನ್ಯಾಯಾಲಯಗಳಲ್ಲಿ ಪರಸ್ಪರ ವಿರುದ್ಧ ತೀರ್ಪುಗಳು ಬಂದವು. ಕೊನೆಗೆ 2011ರ ಜುಲೈ 15ರಂದು ಸರ್ವೋಚ್ಚ ನ್ಯಾಯಾಲಯವು, ಶುಲ್ಕವು ಕರಾರಿನಲ್ಲಿ ಸ್ಪಷ್ಟವಾಗಿ ನಮೂದಾಗಿದ್ದು ವಿಪರೀತ ಅಧಿಕವಲ್ಲದಿದ್ದರೆ ಅದು ಸಿಂಧು ಎಂದು ತೀರ್ಪು ನೀಡಿತು. ಲೆಕ್ಕ ಹಾಕಿದರೆ, ನವೀಕರಣ ಶುಲ್ಕ ತೆರುವ ವರ್ಷದಲ್ಲಿ ಆ ಕೋಣೆಯ ನಿಜವಾದ ಬಾಡಿಗೆ ತಿಂಗಳಿಗೆ 44,000 ಯೆನ್‌ಗೂ ಮಿಗಿಲು. ಒಪ್ಪಿ ಸಹಿ ಹಾಕಿದ ಮೇಲೆ ನ್ಯಾಯಾಲಯವೂ ಕೈಹಿಡಿಯುವ ಭರವಸೆಯಿಲ್ಲ ಎಂಬುದೇ ಈ ತೀರ್ಪಿನಿಂದ ವಿದ್ಯಾರ್ಥಿ ಕಲಿಯಬೇಕಾದ ಪಾಠ.

ಒಂದು ಮಾದರಿ ಲೆಕ್ಕ

ತಿಂಗಳಿಗೆ 45,000 ಯೆನ್ ಬಾಡಿಗೆ, 5,000 ಯೆನ್ ಸಾಮಾನ್ಯ ನಿರ್ವಹಣಾ ಶುಲ್ಕವಿರುವ ಒಂದು ಕೋಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶಿಕಿಕಿನ್ ಮತ್ತು ರೇಕಿನ್ ತಲಾ ಒಂದು ತಿಂಗಳು ಎಂದಿರಲಿ. ಮನೆಯೊಳಗೆ ಕಾಲಿಡುವ ಮುನ್ನ ತೆರಬೇಕಾದ ಹಣ ಹೀಗಾಗುತ್ತದೆ:

ಶಿಕಿಕಿನ್: 45,000 ಯೆನ್
ರೇಕಿನ್: 45,000 ಯೆನ್
ದಲ್ಲಾಳಿ ಶುಲ್ಕ, ಶೇ 10 ತೆರಿಗೆ ಸಹಿತ: 49,500 ಯೆನ್
ಮೊದಲ ತಿಂಗಳ ಬಾಡಿಗೆ ಮತ್ತು ನಿರ್ವಹಣಾ ಶುಲ್ಕ: 50,000 ಯೆನ್
ಜಾಮೀನು ಕಂಪನಿಯ ಶುಲ್ಕ, ಅರ್ಧ ತಿಂಗಳಿನದು: 25,000 ಯೆನ್
ಅಗ್ನಿ ವಿಮೆ, ಎರಡು ವರ್ಷಕ್ಕೆ: 18,000 ಯೆನ್
ಬೀಗ ಬದಲಾವಣೆ: 16,500 ಯೆನ್
ಒಟ್ಟು: 2,49,000 ಯೆನ್

ಅಂದರೆ ಬಾಡಿಗೆಯ ಐದೂವರೆ ಪಟ್ಟು. ಇದರಲ್ಲಿ ಮುಂದೆ ಮರಳಿ ಬರಬಹುದಾದದ್ದು ಶಿಕಿಕಿನ್‌ನ 45,000 ಯೆನ್ ಮಾತ್ರ. ದಲ್ಲಾಳಿ ಶುಲ್ಕಕ್ಕೆ ಕಾನೂನಿನ ಮಿತಿಯುಂಟು. ಬಾಡಿಗೆದಾರ ಮತ್ತು ಮಾಲೀಕ ಇಬ್ಬರಿಂದಲೂ ಸೇರಿ ಒಂದು ತಿಂಗಳ ಬಾಡಿಗೆ ಹಾಗೂ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ.

ಇನ್ನೊಂದು ಹೋಲಿಕೆಯೂ ಉಪಯುಕ್ತ. ಮೊದಲ ಕೋಣೆಗೆ ಬಾಡಿಗೆ 42,000 ಯೆನ್. ಆದರೆ ರೇಕಿನ್ ಎರಡು ತಿಂಗಳು, ವರ್ಷಕ್ಕೊಮ್ಮೆ ನವೀಕರಣಕ್ಕೆ ಒಂದು ತಿಂಗಳ ಬಾಡಿಗೆ. ಎರಡನೆಯ ಕೋಣೆಗೆ ಬಾಡಿಗೆ 46,000 ಯೆನ್, ರೇಕಿನ್ ಇಲ್ಲ, ನವೀಕರಣ ಶುಲ್ಕವೂ ಇಲ್ಲ. ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗಕ್ಕೆ ಮೊದಲ ಕೋಣೆಯ ಒಟ್ಟು ವೆಚ್ಚ 11,34,000 ಯೆನ್ ಆದರೆ ಎರಡನೆಯದು 11,04,000 ಯೆನ್. ಅಗ್ಗವೆಂದು ಕಂಡ ಕೋಣೆಯೇ 30,000 ಯೆನ್ ದುಬಾರಿ. ಆದ್ದರಿಂದ ತಿಂಗಳ ಬಾಡಿಗೆಯನ್ನಲ್ಲ, ವ್ಯಾಸಂಗದ ಪೂರ್ಣ ಅವಧಿಯ ಒಟ್ಟು ಮೊತ್ತವನ್ನು ತಿಂಗಳುಗಳಿಂದ ಭಾಗಿಸಿ ನೋಡುವುದೇ ಸರಿಯಾದ ಅಳತೆಗೋಲು.

ಜಾಮೀನುದಾರನ ತೊಡಕು

ಹಣ ಹೊಂದಿಸಿದ ಮೇಲೂ ಉಳಿಯುವ ದೊಡ್ಡ ಅಡಚಣೆ ‘ರೆಂತಾಯ್ ಹೋಶೋನಿನ್’, ಅಂದರೆ ಜಂಟಿ ಜಾಮೀನುದಾರ. ಬಾಡಿಗೆದಾರನು ಹಣ ಕೊಡದೆ ಹೋದರೆ ಆ ಹೊಣೆಯನ್ನು ಪೂರ್ಣವಾಗಿ ಹೊರುವ ವ್ಯಕ್ತಿ ಈತ. ಜಪಾನಿ ವಿದ್ಯಾರ್ಥಿಗೆ ತಂದೆಯೋ ತಾಯಿಯೋ ಸಹಿ ಹಾಕುತ್ತಾರೆ. ಸಾಗರದಾಚೆಯಿರುವ ಪೋಷಕರ ಸಹಿಯನ್ನು ಮಾಲೀಕರು ಒಪ್ಪುವುದು ಅಪರೂಪ.

ಇದಕ್ಕೆ ಮೂರು ಪರಿಹಾರಗಳಿವೆ. ಮೊದಲನೆಯದಾಗಿ, ಕೆಲವು ವಿಶ್ವವಿದ್ಯಾಲಯಗಳು ತಾವೇ ಜಾಮೀನು ನಿಲ್ಲುತ್ತವೆ. ಹಾಗೆ ನಿಲ್ಲಬೇಕಾದರೆ ‘ಜಪಾನ್ ಎಜುಕೇಷನಲ್ ಎಕ್ಸ್‌ಚೇಂಜಸ್ ಅಂಡ್ ಸರ್ವೀಸಸ್’ ಸಂಸ್ಥೆಯ ಮೂಲಕ ದೊರೆಯುವ ವಿದೇಶಿ ವಿದ್ಯಾರ್ಥಿಗಳ ವಸತಿ ವಿಮೆಗೆ ವಿದ್ಯಾರ್ಥಿಯು ಸೇರುವಂತೆ ಕೇಳುವುದುಂಟು. ಈ ಸೌಲಭ್ಯವಿದೆಯೇ ಎಂಬುದನ್ನು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿಭಾಗದಲ್ಲಿ ವಿಚಾರಿಸುವುದು ಎಲ್ಲಕ್ಕಿಂತ ಮೊದಲ ಕೆಲಸ. ಎರಡನೆಯದಾಗಿ, ಜಾಮೀನು ಕಂಪನಿಗಳಿವೆ. ಇವು ಆರಂಭದಲ್ಲಿ ತಿಂಗಳ ಬಾಡಿಗೆಯ ಅರ್ಧದಿಂದ ಪೂರ್ತಿಯವರೆಗೆ, ಬಳಿಕ ಸಾಮಾನ್ಯವಾಗಿ ವರ್ಷಕ್ಕೆ ಸುಮಾರು 10,000 ಯೆನ್ ಪಡೆಯುತ್ತವೆ. ಮೂರನೆಯದಾಗಿ, ಜಾಮೀನನ್ನೇ ಕೇಳದ ವಸತಿಗಳಿವೆ. ನಗರ ಪುನರುಜ್ಜೀವನ ಸಂಸ್ಥೆ, ಅಂದರೆ ‘ಯುಆರ್’ ಮನೆಗಳಿಗೆ ರೇಕಿನ್, ದಲ್ಲಾಳಿ ಶುಲ್ಕ, ನವೀಕರಣ ಶುಲ್ಕ, ಜಾಮೀನು ಯಾವುದೂ ಬೇಕಿಲ್ಲ. ಆದರೆ ಆದಾಯ ಅಥವಾ ಉಳಿತಾಯದ ನಿಯಮಗಳನ್ನು ಪೂರೈಸಬೇಕು. ಮನೆಗಳು ನಗರದ ಅಂಚಿನ ಬಡಾವಣೆಗಳಲ್ಲಿರುವುದೇ ಹೆಚ್ಚು. ಇಬ್ಬರು ಮೂವರು ಸೇರಿ ವಾಸಿಸುವವರಿಗೆ ಇವು ಅನುಕೂಲಕರ.

ಪರಿಚಿತ ಪ್ರಾಧ್ಯಾಪಕರು ವೈಯಕ್ತಿಕವಾಗಿ ಜಾಮೀನು ನಿಲ್ಲುವುದೂ ಉಂಟು. 2020ರ ತಿದ್ದುಪಡಿಯ ಪ್ರಕಾರ ವ್ಯಕ್ತಿಯೊಬ್ಬರು ನೀಡುವ ಇಂತಹ ಜಾಮೀನಿನಲ್ಲಿ ಗರಿಷ್ಠ ಹೊಣೆಯ ಮೊತ್ತವನ್ನು ನಮೂದಿಸಲೇಬೇಕು. ನಮೂದಿಸದಿದ್ದರೆ ಜಾಮೀನೇ ಅಸಿಂಧು. ಹಿರಿಯರ ಮೇಲೆ ಈ ಭಾರ ಹೊರಿಸುವ ಮುನ್ನ ಉಳಿದ ಮಾರ್ಗಗಳನ್ನು ನೋಡುವುದೇ ಶಿಷ್ಟಾಚಾರ.

‘ವಿದೇಶಿಯರಿಗೆ ಇಲ್ಲ’

ಈ ವಿಷಯವನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಜಪಾನಿನ ನ್ಯಾಯ ಸಚಿವಾಲಯದ ಪರವಾಗಿ ನಡೆದು 2017ರಲ್ಲಿ ಪ್ರಕಟವಾದ ವಿದೇಶಿ ನಿವಾಸಿಗಳ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದವರ ಪೈಕಿ ಶೇ 39.3ರಷ್ಟು ಮಂದಿ ವಿದೇಶಿಯರೆಂಬ ಕಾರಣಕ್ಕೆ ಮನೆ ನಿರಾಕರಿಸಲ್ಪಟ್ಟ ಅನುಭವ ಹೇಳಿಕೊಂಡರು. ಜಪಾನಿ ಜಾಮೀನುದಾರನಿಲ್ಲದ ಕಾರಣಕ್ಕೆ ನಿರಾಕರಣೆಗೊಳಗಾದವರು ಶೇ 41.2. ಮಾಲೀಕರಲ್ಲಿ ಹಲವರು ವಯಸ್ಸಾದವರು. ಭಾಷೆ ತಿಳಿಯದಿದ್ದರೆ ಏನು ಮಾಡುವುದು, ಹೇಳದೆ ಊರು ಬಿಟ್ಟರೆ ಗತಿಯೇನು ಎಂಬ ಅಂಜಿಕೆ ಅವರದು.

ಹಾಗೆಂದು ಇದಕ್ಕೆ ಕಾನೂನಿನ ತಡೆಯೇ ಇಲ್ಲವೆಂದಲ್ಲ. ವಿದೇಶಿ ಪೌರತ್ವದ ಕಾರಣಕ್ಕೆ ಮನೆ ನಿರಾಕರಿಸಿದ ಮಾಲೀಕನೊಬ್ಬ ಮಹಿಳೆಗೆ 11 ಲಕ್ಷ ಯೆನ್ ಪರಿಹಾರ ಕೊಡಬೇಕೆಂದು ಕ್ಯೋಟೊ ಜಿಲ್ಲಾ ನ್ಯಾಯಾಲಯವು 2007ರ ಅಕ್ಟೋಬರ್‌ನಲ್ಲಿ ಆದೇಶಿಸಿತ್ತು. ಮನೆ ಸಿಗಲು ಕಷ್ಟಪಡುವವರನ್ನು ನಿರಾಕರಿಸದ ಬಾಡಿಗೆ ಮನೆಗಳ ನೋಂದಣಿ ವ್ಯವಸ್ಥೆ 2017ರ ಅಕ್ಟೋಬರ್‌ನಲ್ಲಿ ಆರಂಭವಾಗಿದ್ದು, ವಿದೇಶಿಯರೂ ಆ ಪಟ್ಟಿಯಲ್ಲಿದ್ದಾರೆ. ಆದರೆ ಸೆಮಿಸ್ಟರ್ ಆರಂಭವಾಗುವ ವಾರದಲ್ಲಿ ವಿದ್ಯಾರ್ಥಿಗೆ ಬೇಕಾಗಿರುವುದು ತೀರ್ಪಲ್ಲ, ಸೂರು. ವಿಶ್ವವಿದ್ಯಾಲಯ ಅಥವಾ ಅದರ ಸಹಕಾರ ಸಂಘದ ಮೂಲಕ ಹೋದರೆ ವಿದೇಶಿಯರನ್ನು ಈಗಾಗಲೇ ಇರಿಸಿಕೊಂಡು ಬಲ್ಲ ಮಾಲೀಕರು ಸಿಗುತ್ತಾರೆ. ಜಪಾನಿ ಮಾತಾಡುವ ಸಹಪಾಠಿಯೊಬ್ಬರನ್ನು ಜೊತೆಗೆ ಕರೆದೊಯ್ಯುವುದೂ ಮಾಲೀಕರ ಅಂಜಿಕೆಯನ್ನು ಎಷ್ಟೋ ಕಳೆಯುತ್ತದೆ.

ಸಹಿಗೆ ಮುನ್ನ

ಕರಾರಿಗೆ ಮೊದಲು, ಪರವಾನಗಿ ಪಡೆದ ಅಧಿಕಾರಿಯೊಬ್ಬರು ಮನೆಯ ಮುಖ್ಯ ಅಂಶಗಳನ್ನು ಬರೆಹದ ಮೂಲಕ ವಿವರಿಸಬೇಕೆಂಬುದು ಜಪಾನಿನ ಕಾನೂನು. ಬಾಡಿಗೆ ಮನೆಗಳಿಗೆ ಇದನ್ನು ಅಂತರ್ಜಾಲದ ವಿಡಿಯೋ ಮೂಲಕ ನೀಡಲು 2017ರ ಅಕ್ಟೋಬರ್‌ನಿಂದ ಅವಕಾಶವಿರುವುದರಿಂದ ಊರಿನಲ್ಲಿದ್ದುಕೊಂಡೇ ಕರಾರು ಮಾಡಿಕೊಳ್ಳುವವರೂ ಇದ್ದಾರೆ. ಈ ವಿವರಣೆಯ ಸಮಯದಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ.

1. ಕರಾರು ಸಾಮಾನ್ಯವಾದದ್ದೇ ಅಥವಾ ನಿಗದಿತ ಅವಧಿಯದೇ? ಸಾಮಾನ್ಯ ಕರಾರಿನಲ್ಲಿ ನ್ಯಾಯಸಮ್ಮತ ಕಾರಣವಿಲ್ಲದೆ ಮಾಲೀಕ ನವೀಕರಣ ನಿರಾಕರಿಸುವಂತಿಲ್ಲ. ನಿಗದಿತ ಅವಧಿಯದು ಅಂದೇ ಮುಗಿಯುತ್ತದೆ.
2. ನವೀಕರಣ ಶುಲ್ಕ ಎಷ್ಟು, ಎಷ್ಟು ವರ್ಷಕ್ಕೊಮ್ಮೆ?
3. ಮನೆ ಬಿಡುವ ಸೂಚನೆಯನ್ನು ಒಂದು ತಿಂಗಳು ಮೊದಲು ಕೊಡಬೇಕೇ, ಎರಡು ತಿಂಗಳೇ? ಅವಧಿಗೆ ಮುನ್ನ ಬಿಟ್ಟರೆ ದಂಡವುಂಟೇ?
4. ಬಿಡುವಾಗ ಶುಚಿಗೊಳಿಸುವ ಖರ್ಚನ್ನು ಮೊದಲೇ ನಿಗದಿಪಡಿಸಲಾಗಿದೆಯೇ?
5. ಅಡುಗೆ ಅನಿಲ ನಗರದ ಕೊಳವೆಯದೇ ಅಥವಾ ಸಿಲಿಂಡರಿನ ಪ್ರೊಪೇನೇ? ಎರಡನೆಯದು ಸಾಮಾನ್ಯವಾಗಿ ದುಬಾರಿ.
6. ದೀಪ, ಒಲೆ, ಹವಾನಿಯಂತ್ರಕಗಳು ಮನೆಯಲ್ಲಿವೆಯೇ? ಹಲವು ಕೋಣೆಗಳಲ್ಲಿ ಚಾವಣಿಯ ದೀಪವನ್ನೂ ಬಾಡಿಗೆದಾರನೇ ತರಬೇಕು.

ಬೆಟ್ಟಗಳ ನಡುವೆ ತಗ್ಗಿನಲ್ಲಿರುವ ಕ್ಯೋಟೊದಲ್ಲಿ ಬೇಸಿಗೆಯ ಸೆಕೆಯೂ ಚಳಿಗಾಲದ ಶೀತವೂ ತೀವ್ರ. ಮೂಳೆಗಿಳಿಯುವ ಆ ಚಳಿಗೆ ‘ಸೊಕೊಬಿಯೆ’ ಎಂಬ ಹೆಸರೇ ಇದೆ. ದಕ್ಷಿಣಕ್ಕೆ ಕಿಟಕಿಯಿರುವ ಕೋಣೆಯನ್ನು ಜನ ಅಪೇಕ್ಷಿಸುವುದು ಇದಕ್ಕಾಗಿಯೇ.

ಮನೆ ಸೇರಿದ ಮೇಲೆ

ಕಾನ್ಸಾಯ್ ಸೇರಿದಂತೆ ಪ್ರಮುಖ ವಿಮಾನ ನಿಲ್ದಾಣಗಳಲ್ಲಿ ವಿದ್ಯಾರ್ಥಿಗೆ ರೆಸಿಡೆನ್ಸ್ ಕಾರ್ಡ್ ನೀಡಲಾಗುತ್ತದೆ. ವಾಸಸ್ಥಳ ನಿಶ್ಚಯವಾದ 14 ದಿನಗಳೊಳಗೆ ವಾರ್ಡ್ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ರಾಷ್ಟ್ರೀಯ ಆರೋಗ್ಯ ವಿಮೆಯ ನೋಂದಣಿಯೂ ಅಲ್ಲಿಯೇ ಆಗುತ್ತದೆ. ಮನೆ ಬದಲಿಸಿದಾಗಲೂ ಇದೇ ನಿಯಮ. ಕಾರಣವಿಲ್ಲದೆ 90 ದಿನ ಮೀರಿದರೆ ನಿವಾಸದ ಪರವಾನಗಿಯೇ ರದ್ದಾಗುವ ಸಂಭವವಿದೆ.

ಇಲ್ಲಿ ಹೊಸಬರನ್ನು ಕಾಡುವ ಒಂದು ಸುಳಿಯಿದೆ. ಬ್ಯಾಂಕ್ ಖಾತೆಗೆ ವಿಳಾಸ ಮತ್ತು ದೂರವಾಣಿ ಬೇಕು. ದೂರವಾಣಿಗೆ ಬ್ಯಾಂಕ್ ಖಾತೆ ಬೇಕು. ಮನೆಗೆ ಎರಡೂ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಹ ಸ್ಥಿತಿ. ಮೊದಲ ಅವಧಿಯನ್ನು ವಿದ್ಯಾರ್ಥಿನಿಲಯದಲ್ಲೋ ತಿಂಗಳ ಬಾಡಿಗೆಯ ಸುಸಜ್ಜಿತ ಕೋಣೆಯಲ್ಲೋ ಕಳೆದು ವಿಳಾಸ ಪಡೆಯುವುದೇ ಈ ಸುಳಿಯಿಂದ ಹೊರಬರುವ ದಾರಿ. ಕೋಣೆಯನ್ನು ಕಣ್ಣಾರೆ ನೋಡಿ ಆರಿಸಲೂ ಆಗ ಸಮಯ ಸಿಗುತ್ತದೆ.

ನೆರೆಹೊರೆಯ ವಿಶ್ವಾಸ ಗಳಿಸಲು ಕಸದ ನಿಯಮ ಪಾಲಿಸಿದರೆ ಅರ್ಧ ಗೆದ್ದಂತೆ. ಕ್ಯೋಟೊ ನಗರದಲ್ಲಿ 2006ರ ಅಕ್ಟೋಬರ್‌ನಿಂದ ಹಣ ಕೊಟ್ಟು ಕೊಂಡ ನಿಗದಿತ ಚೀಲದಲ್ಲೇ ಕಸ ಹಾಕಬೇಕು. ಸುಡುವ ಕಸಕ್ಕೆ ಹಳದಿ ಚೀಲ, ಡಬ್ಬಿ, ಬಾಟಲಿ, ಪ್ಲಾಸ್ಟಿಕ್‌ಗಳಿಗೆ ಪಾರದರ್ಶಕ ಚೀಲ. ನಿಗದಿತ ದಿನದ ಬೆಳಿಗ್ಗೆಯೇ ಹೊರಗಿಡಬೇಕು. ಮರದ ಗೋಡೆಗಳ ಮನೆಗಳಲ್ಲಿ ಶಬ್ದ ಸುಲಭವಾಗಿ ದಾಟುತ್ತದೆ. ಭಾರತದಲ್ಲಿ ಸಂಜೆಯಾಗಿರುವಾಗ ಅಲ್ಲಿ ರಾತ್ರಿ ಹೊತ್ತು ಮೀರಿರುತ್ತದೆ. ಆಗ ಮನೆಯವರೊಡನೆ ದೂರವಾಣಿಯಲ್ಲಿ ದನಿಯೆತ್ತಿ ಮಾತಾಡಿದರೂ ದೂರು ಬಂದೀತು.

ಮನೆ ಬಿಡುವಾಗ

ಸಹಜ ಸವಕಳಿಯ ಖರ್ಚು ಬಾಡಿಗೆದಾರನದಲ್ಲ ಎಂದು ತಿದ್ದುಪಡಿಯಾದ ನಾಗರಿಕ ಸಂಹಿತೆ ಸ್ಪಷ್ಟಪಡಿಸಿದೆ. ಬಿಸಿಲಿಗೆ ಬಣ್ಣಗೆಟ್ಟ ಗೋಡೆ, ಮೇಜಿನ ಭಾರಕ್ಕೆ ತಗ್ಗಿದ ನೆಲ ಮಾಲೀಕನ ಹೊಣೆ. ಎಣ್ಣೆಯ ಜಿಡ್ಡು, ಅಲಕ್ಷ್ಯದಿಂದ ಹತ್ತಿದ ಬೂಷ್ಟು ಬಾಡಿಗೆದಾರನ ಹೊಣೆ. ಮನೆ ಸೇರಿದ ದಿನವೇ ಗೋಡೆ, ನೆಲ, ಬಚ್ಚಲುಗಳ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಟ್ಟುಕೊಂಡವರಿಗೆ ಠೇವಣಿಯ ಲೆಕ್ಕದಲ್ಲಿ ವಾದಿಸಲು ಆಧಾರವಿರುತ್ತದೆ.

ಸಾಮಾನುಗಳನ್ನು ಬೀದಿಯಲ್ಲಿ ಬಿಟ್ಟುಹೋಗುವುದು ಅಪರಾಧ. ಮಂಚ, ಮೇಜುಗಳಿಗೆ ನಗರಾಡಳಿತಕ್ಕೆ ಮುಂಚಿತವಾಗಿ ತಿಳಿಸಿ, ಶುಲ್ಕದ ಚೀಟಿ ಅಂಟಿಸಬೇಕು. ಶೀತಕ, ಬಟ್ಟೆ ಒಗೆಯುವ ಯಂತ್ರ, ಟಿವಿ, ಹವಾನಿಯಂತ್ರಕಗಳನ್ನು ನಗರಾಡಳಿತ ಒಯ್ಯುವುದೇ ಇಲ್ಲ. 2001ರಿಂದ ಜಾರಿಯಲ್ಲಿರುವ ಕಾನೂನಿನಂತೆ ಮರುಬಳಕೆಯ ಶುಲ್ಕ ತೆತ್ತು ವಿಲೇವಾರಿ ಮಾಡಬೇಕು. ಹಿಂದಿರುಗುವ ವಿದ್ಯಾರ್ಥಿಗಳು ಹೊಸಬರಿಗೆ ಇವನ್ನು ದಾಟಿಸುವ ರೂಢಿ ಬಂದಿರುವುದು ಇದರಿಂದಲೇ. ಇಬ್ಬರಿಗೂ ಅದು ಲಾಭ.

ಯಾವಾಗ ಏನು?

ಜಪಾನಿನ ಶೈಕ್ಷಣಿಕ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಕೋಣೆಗಳ ಆಯ್ಕೆಯೂ ಪೈಪೋಟಿಯೂ ಹೆಚ್ಚು. ಅಕ್ಟೋಬರ್‌ನಲ್ಲಿ ಸೇರುವವರಿಗೆ ಆಯ್ಕೆ ಕಡಿಮೆಯಾದರೂ ರೇಕಿನ್ ಇಳಿಸುವಂತೆ ಕೇಳಲು ಅವಕಾಶ ಹೆಚ್ಚು. ಪ್ರವೇಶ ಖಚಿತವಾದೊಡನೆ ವಿಶ್ವವಿದ್ಯಾಲಯದ ವಸತಿಗೆ ಅರ್ಜಿ ಸಲ್ಲಿಸುವುದು, ಅದೇ ಪತ್ರದಲ್ಲಿ ಜಾಮೀನಿನ ಸೌಲಭ್ಯವನ್ನು ವಿಚಾರಿಸುವುದು, ಬಾಡಿಗೆಯ ಐದಾರು ಪಟ್ಟು ಹಣವನ್ನು ಶೈಕ್ಷಣಿಕ ಶುಲ್ಕದಿಂದ ಪ್ರತ್ಯೇಕವಾಗಿ ತೆಗೆದಿಡುವುದು ಈ ಮೂರು ಕೆಲಸಗಳು ಊರಿನಲ್ಲಿರುವಾಗಲೇ ಮುಗಿಯಬೇಕು. ಶೈಕ್ಷಣಿಕ ಸಾಲದ ಅರ್ಜಿಯಲ್ಲಿ ವಸತಿ ವೆಚ್ಚವೆಂದು ತಿಂಗಳ ಬಾಡಿಗೆಯನ್ನಷ್ಟೇ ಬರೆದರೆ ಸಾಲದು, ಆರಂಭದ ಈ ಮೊತ್ತವನ್ನೂ ಸೇರಿಸಬೇಕು.

ಜಪಾನಿನ ಬಾಡಿಗೆ ಕರಾರು ಮೊದಲ ನೋಟಕ್ಕೆ ಬಿಗಿಯೆನಿಸಿದರೂ ಅದರಲ್ಲಿ ಬಹುತೇಕ ಎಲ್ಲವೂ ಬರೆಹದಲ್ಲಿರುತ್ತದೆ. ಓದಿಸಿ, ಕೇಳಿ, ಲೆಕ್ಕ ಹಾಕಿ ಸಹಿ ಮಾಡಿದ ವಿದ್ಯಾರ್ಥಿಗೆ ಆ ಬರೆಹವೇ ರಕ್ಷೆ. ಅವಸರದಲ್ಲಿ ಸಹಿ ಮಾಡಿದವನಿಗೆ ಅದೇ ಹೊರೆ.